ಹೊಸ್ತಿಲಿನವಳ ಪಾಲು

ನಮ್ಮ ಹುಣಸೆ ಬೀದಿಯ ಮುನಿಯಲ್ಲಪ್ಪನ ಕಾಲು ಮುರಿದ ದಿನ ಇಡೀ ಬೀದಿ ಸಣ್ಣಗೆ ಕುಂಟುತ್ತಿತ್ತು. ಕುಂಟುತ್ತಲೇ ಕಸ ಗುಡಿಸಿದೆವು, ಕುಂಟುತ್ತಲೇ ನೀರು ಹೊತ್ತೆವು, ಸೊಪ್ಪಿನವಳ ಜೊತೆ ಕುಂಟುತ್ತಲೇ ಜಗಳವಾಡಿದೆವು. ಬೇರೆ ಊರಿನವರು ನೋಡಿದ್ದರೆ ಇವರೆಲ್ಲ ಒಂದೇ ಅಂಗಡಿಯಲ್ಲಿ ಚಪ್ಪಲಿ ಕೊಂಡು ಮೋಸಹೋಗಿದ್ದಾರೆ ಅಂದುಕೊಳ್ಳುತ್ತಿದ್ದರೇನೋ. ಮುನಿಯಲ್ಲಪ್ಪ ಮಾತ್ರ ಆಸ್ಪತ್ರೆಯ ಬೆಂಚಿನ ಮೇಲೆ ಕಾಲು ಚಾಚಿ ಕೂತು, ಡಾಕ್ಟರು ಮೂಳೆ ಎಳೆದು ಕೂರಿಸುತ್ತಿದ್ದರೆ ತಾನು ಎಲೆ ಅಡಿಕೆ ಮೆಲ್ಲುತ್ತಿದ್ದ. ಸೂರ್ಯ ಮುಳುಗುತ್ತಿದ್ದ ಹಾಗೆ ನಮ್ಮ ನಮ್ಮ ಕಾಲು ನಮಗೆ ಬಂತು. ಅಷ್ಟು ಹೊತ್ತಿಗೆ ಅವನಿಗೆ ಪಟ್ಟಿ ಬಿಗಿದಾಗಿತ್ತು, ಮಿಕ್ಕ ಚೂರುಪಾರು ನೋವನ್ನು ಅವನೇ ನೋಡಿಕೊಂಡ.

ಆ ಪಾಲನ್ನು ಹಂಚಿದವಳು ನಾನು. ಹಂಚೋ ಸಾಕಮ್ಮ ಎಂದರೆ ಊರಿನಲ್ಲಿ ಯಾರಿಗೂ ಗೊತ್ತು. ನಮ್ಮ ಬೀದಿಯ ಹಂಚಿಕೆ ಮನೆಯಲ್ಲಿ ಒಂದು ತಾಮ್ರದ ಹಂಡೆ ಇದೆ. ಕಾಯಿಲೆಯವರು ಅದರ ನೀರಿನಲ್ಲಿ ಬಲಗೈ ಅದ್ದಿ ಮೂರು ಸಲ ಉಸಿರೆಳೆದು ಬಿಡುತ್ತಾರೆ. ಆಮೇಲೆ ನಾನು ಸೌಟಿನಲ್ಲಿ ಅಳೆದು ಬೀದಿಯವರಿಗೆಲ್ಲ ಒಂದೊಂದು ಗುಟುಕು ಕೊಡುತ್ತೇನೆ. ನಲವತ್ತು ಜನ ಕುಡಿದರೆ ನೋವು ನಲವತ್ತು ಪಾಲಾಗುತ್ತದೆ, ಹೊತ್ತು ಮುಳುಗಿದರೆ ಹೋಗುತ್ತದೆ. ಹಲ್ಲುನೋವಿನ ನಲವತ್ತನೇ ಒಂದು ಪಾಲು ಎಂದರೆ ಎಷ್ಟು ಮಹಾ, ಮಾವಿನಕಾಯಿ ಕಚ್ಚಿದಾಗ ಜುಂ ಅನ್ನುವಷ್ಟು. ಹೆರಿಗೆಯ ಪಾಲು ಮಾತ್ರ ಸ್ವಲ್ಪ ಜೋರು. ಅವತ್ತು ಬೀದಿಯ ಗಂಡಸರೆಲ್ಲ ಒಟ್ಟಿಗೇ ಜಗುಲಿ ಹಿಡಿದು ಕೂತುಬಿಡುತ್ತಾರೆ, ಹೆಂಗಸರು ಅವರನ್ನು ದಾಟಿಕೊಂಡು ಕೆಲಸಕ್ಕೆ ಹೋಗುತ್ತೇವೆ.

ನನಗಿಂತ ಮುಂಚೆ ಮೂವತ್ತು ವರ್ಷ ಈ ಸೌಟು ಹಿಡಿದವರು ಚೆನ್ನಿಗಪ್ಪನವರು. ಅವರ ಕೈ ನಡುಗಲು ಶುರುವಾದ ಮೇಲೆ ನನ್ನನ್ನು ಕರೆದು ಕೆಲಸ ಕಲಿಸಿದರು. ನಗುತ್ತಾ ಕೊಡಬೇಡ, ಅಳುತ್ತಾ ಕೊಡಬೇಡ ಎಂದರು. ನೆಂಟರಿಗೆ ಸೌಟು ಓರೆ ಮಾಡಬೇಡ, ಆಗದವರಿಗೆ ತುಂಬಿಸಬೇಡ ಎಂದರು. ಹಾಲು ಕುಡಿಸುವ ತಾಯಿಗೆ, ಹನ್ನೆರಡು ತುಂಬದ ಮಕ್ಕಳಿಗೆ, ಮದುವೆಗೆ ಹೊರಟು ನಿಂತವರಿಗೆ ಪಾಲು ಕೊಡಕೂಡದು. ಸುಳ್ಳು ಮಾತ್ರ ಯಾವತ್ತೂ ಹೇಳಬೇಡ ಎಂದು ಕೊನೆಗೆ ಹೇಳಿದರು, ಹಂಚುವವಳು ಒಂದು ಸುಳ್ಳು ಹೇಳಿದರೂ ಜನ ನೀರು ಕುಡಿಯಲು ಹಿಂದೆಮುಂದೆ ನೋಡುತ್ತಾರಂತೆ. ಹನ್ನೊಂದು ವರ್ಷ ನಾನು ಈ ಮಾತನ್ನು ನಡೆಸಿಕೊಂಡು ಬಂದೆ. ನಡೆಸಿಕೊಂಡು ಬಂದೆ ಎಂಬ ಹಮ್ಮೂ ನನಗೆ ಸಾಕಷ್ಟು ಇತ್ತು.

ಹಂಚಿಕೆಗೆ ಬೇಕಾದಷ್ಟು ಕಟ್ಟುಪಾಡುಗಳಿವೆ. ಹುಟ್ಟುವಾಗಲೇ ತಂದ ಕಾಯಿಲೆಗೆ ಪಾಲಿಲ್ಲ. ಮರದಿಂದ ಬಿದ್ದವನಿಗೆ ಪಾಲುಂಟು, ಹತ್ತಬೇಡ ಎಂದು ಹೆಂಡತಿ ಹೇಳಿದ ಮೇಲೂ ಹತ್ತಿ ಬಿದ್ದವನಿಗೆ ಅರ್ಧ ಪಾಲು. ಎಲ್ಲಕ್ಕಿಂತ ದೊಡ್ಡದು ಹೊಸ್ತಿಲಿನವರ ಕಟ್ಟುಪಾಡು. ಒಂದು ಬೀದಿಯಿಂದ ಇನ್ನೊಂದು ಬೀದಿಗೆ ಮನೆ ಬದಲಾಯಿಸಿದವರು, ಮದುವೆಯಾಗಿ ಬಂದವರು, ಹೊಸ ಬೀದಿಯಲ್ಲಿ ಒಂದು ಪೂರ್ತಿ ವರ್ಷ ಕಳೆಯಬೇಕು. ಅಲ್ಲಿಯವರೆಗೆ ಹಳೇ ಬೀದಿ ಅವರಿಗೆ ಪಾಲು ಹೊರುವುದಿಲ್ಲ, ಹೊಸ ಬೀದಿಯೂ ಹೊರುವುದಿಲ್ಲ. ಅಂಥವರನ್ನು ಹೊಸ್ತಿಲಿನವರು ಅನ್ನುತ್ತೇವೆ. ಪಾಪ, ಆ ವರ್ಷವೆಲ್ಲ ಅವರು ಗಾಜಿನ ಬಳೆ ಹೊತ್ತವರ ಹಾಗೆ ನಡೆಯುತ್ತಾರೆ. ಮಂಜು ಬಿದ್ದರೆ ತಲೆಗೆ ಶಾಲು, ಮಳೆ ಬಂದರೆ ಕಿಟಕಿಯ ಹಿಂದೆ. ಎದುರಿಗೆ ಬಂದರೆ ನಾವೇ ದಾರಿ ಬಿಡುತ್ತೇವೆ. ಕ್ಷೌರದವನು ಅವರಿಗೆ ಕತ್ತಿ ಮುಟ್ಟಿಸುವುದಿಲ್ಲ, ಹೊಸ್ತಿಲಿನ ಗಂಡಸರೆಲ್ಲ ಗಡ್ಡ ಬಿಟ್ಟಿರುತ್ತಾರೆ. ಹೊಸ ಸೊಸೆಯ ಕೈಗೆ ಈಳಿಗೆಮಣೆ ಕೊಟ್ಟ ಅತ್ತೆಯನ್ನು ಇಡೀ ಊರು ಬೈಯುತ್ತದೆ.

ವರ್ಷ ಯಾವತ್ತಿಂದ ಶುರು ಎಂದರೆ, ಹೊಸ ಮನೆಯ ಒಲೆಯಲ್ಲಿ ಹಾಲು ಉಕ್ಕಿದ ಗಳಿಗೆಯಿಂದ. ಹಾಲು ಉಕ್ಕಿತೆಂದರೆ ಹಳೇ ಬೀದಿಯ ಋಣ ಹರಿಯಿತು ಎಂದರ್ಥ. ಇಷ್ಟು ಸಣ್ಣ ವಿಷಯದಿಂದ ದೇವೀರಮ್ಮನಿಗೆ ಆ ಗತಿ ಬಂತು.

ದೇವೀರಮ್ಮ ನಮ್ಮ ಬೀದಿಯಲ್ಲಿ ಹಾಸಿಗೆ ಹೊಲಿಯುವವಳು. ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು, ಗಂಡ ಇಲ್ಲ, ಮಕ್ಕಳಾಗಲಿಲ್ಲ. ಊರಿನಲ್ಲಿ ಅರ್ಧ ಜನ ಮಲಗುವುದು ಅವಳು ಹೊಲಿದ ಹಾಸಿಗೆಯ ಮೇಲೆಯೇ. ಬಿಲ್ಲಿನಿಂದ ಹತ್ತಿ ಮೀಟುತ್ತಿದ್ದರೆ ಅವಳ ಮನೆಯಲ್ಲಿ ಮೋಡ ಬಂದು ಕೂತ ಹಾಗಿರುತ್ತಿತ್ತು, ತಲೆ, ಹುಬ್ಬು, ಸಾರಿನ ಪಾತ್ರೆ ಎಲ್ಲದರ ಮೇಲೂ ಹತ್ತಿ. ನಾನು ಹೋಗಿ ಕೂತರೆ ಎದ್ದು ಬರುವಾಗ ಅಜ್ಜಿಯಾಗಿ ಬರುತ್ತಿದ್ದೆ. ಅನ್ನದಲ್ಲೂ ಹತ್ತಿ ಸಿಗಲು ಶುರುವಾದ ಮೇಲೆ ಅವಳು ಹತ್ತಿಯನ್ನಷ್ಟೇ ಇಡುವುದಕ್ಕೆ ಪಕ್ಕದ ಬಾವಿ ಬೀದಿಯಲ್ಲಿ ಒಂದು ಖಾಲಿ ಮನೆ ಹಿಡಿದಳು. ಉಣ್ಣುವುದು, ಮಲಗುವುದು ಎಲ್ಲ ನಮ್ಮ ಬೀದಿಯಲ್ಲೇ. ಆ ಮನೆಗೆ ಸುಣ್ಣ ಬಳಿಯಲು ನಾನೂ ಹೋಗಿದ್ದೆ. ಮಧ್ಯಾಹ್ನ ಟೀ ಮಾಡೋಣ ಎಂದು ಅಲ್ಲಿದ್ದ ಹಳೇ ಒಲೆ ಹೊತ್ತಿಸಿ ಹಾಲಿಟ್ಟಳು. ಇಟ್ಟವಳು ಮಾತಿಗೆ ಕೂತಳು. ಅವಳ ಮಾತು ಶುರುವಾದರೆ ಹಾಲಿರಲಿ, ಮನೆ ಹೊತ್ತಿದರೂ ಗೊತ್ತಾಗುವುದಿಲ್ಲ. ಚುಸ್ ಎಂದು ಶಬ್ದ ಬಂದಾಗ ಇಬ್ಬರೂ ತಿರುಗಿ ನೋಡಿದೆವು. ಹಾಲು ನೊರೆನೊರೆಯಾಗಿ ಒಲೆಯ ಮೇಲೆ ಇಳಿಯುತ್ತಿತ್ತು. ಬಿದ್ದೂ ಬಿದ್ದೂ ನಕ್ಕೆವು. ನೀನು ಇವತ್ತಿಂದ ಹೊಸ್ತಿಲಿನವಳಾದೆ ನೋಡು ಎಂದು ನಾನೇ ರೇಗಿಸಿದೆ.

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಆ ವಾರ ಬೀದಿಯ ಹಿರಿಯರು ಯಾರು ಬಂದರು ಯಾರು ಹೋದರು ಎಂದು ಕೇಳುವಾಗ, ಎಲ್ಲಾದರೂ ಹಾಲು ಉಕ್ಕಿತೇ ಸಾಕಮ್ಮ ಎಂದರು. ನಾನು ನಗುತ್ತಲೇ, ಉಕ್ಕಿತು, ದೇವೀರಮ್ಮನ ಹತ್ತಿ ಮನೆಯಲ್ಲಿ ಉಕ್ಕಿತು ಎಂದೆ. ನನಗೆ ಅದು ತಮಾಷೆ. ಅವರು ನಗಲಿಲ್ಲ. ಹಾಲು ಉಕ್ಕಿದರೆ ಉಕ್ಕಿದ ಹಾಗೆಯೇ, ಯಾರಿಗಾಗಿ ಉಕ್ಕಿತು ಎಂದು ಹಾಲನ್ನು ಕೇಳಲಾಗುತ್ತದೆಯೇ ಎಂದರು. ದೇವೀರಮ್ಮನ ಹೆಸರನ್ನು ಹುಣಸೆ ಬೀದಿಯಿಂದ ತೆಗೆದರು. ಬಾವಿ ಬೀದಿಗೆ ಸೇರಲು ಒಂದು ವರ್ಷ ಕಾಯಬೇಕಿತ್ತು. ನಾನು ವಾದ ಮಾಡಿದೆ, ಪ್ರಯೋಜನವಾಗಲಿಲ್ಲ. ದೇವೀರಮ್ಮ ಮಾತ್ರ ತಲೆ ಕೆಡಿಸಿಕೊಳ್ಳಲಿಲ್ಲ. ಒಂದು ವರ್ಷ ತಾನೇ, ನನಗೆ ನೆಗಡಿ ಬಂದು ಆರು ವರ್ಷವಾಯಿತು ಎಂದು ಬಿಲ್ಲು ಹಿಡಿದು ಕೂತಳು.

ಏಳನೇ ತಿಂಗಳಿಗೆ ಅವಳಿಗೆ ಹೊಟ್ಟೆನೋವು ಬಂತು. ಮೊದಲು ಹೊಕ್ಕುಳ ಸುತ್ತ ಇತ್ತು, ಆಮೇಲೆ ಬಲಗಡೆ ಕೆಳಗೆ ಹೋಗಿ ನಿಂತಿತು. ಎರಡನೇ ದಿನ ಎದ್ದು ನಿಲ್ಲಲಾಗಲಿಲ್ಲ. ನಾವು ಅವಳನ್ನು ಅವಳದೇ ಹಾಸಿಗೆಯಲ್ಲಿ ಎತ್ತಿಕೊಂಡು ಹನೀಫ್ ಡಾಕ್ಟರ ಆಸ್ಪತ್ರೆಗೆ ಹೋದೆವು. ಡಾಕ್ಟರು ಒತ್ತಿ ನೋಡಿ, ನನ್ನನ್ನು ಹೊರಗೆ ಕರೆದರು. ಕರುಳಿನ ಬಾಲದಲ್ಲಿ ಕೀವು ಕಟ್ಟಿದೆ, ನಾಳೆ ಸೂರ್ಯ ನೆತ್ತಿಗೆ ಬರುವುದರೊಳಗೆ ಹೊಟ್ಟೆ ಕೊಯ್ದು ತೆಗೆಯಬೇಕು, ಇಲ್ಲದಿದ್ದರೆ ಒಳಗೇ ಒಡೆಯುತ್ತದೆ, ಒಡೆದರೆ ಉಳಿಯುವುದಿಲ್ಲ ಎಂದರು. ನಮ್ಮ ಊರಿನಲ್ಲಿ ಕೊಯ್ಯುವುದಕ್ಕೆ ಮುಂಚೆ ಪ್ರಜ್ಞೆ ತಪ್ಪಿಸುವ ಔಷಧಿ ಇಲ್ಲ. ಬೀದಿಯೇ ಪಾಲು ಹೊರುವಾಗ ಅದು ಯಾರಿಗೆ ಬೇಕು. ನಲವತ್ತು ಜನರನ್ನು ಕರೆದುಕೊಂಡು ಬಾ ಸಾಕಮ್ಮ, ಕನಿಷ್ಠ ಹದಿನೈದು ಜನರಾದರೂ ಬೇಕು, ಒಂಟಿ ಮೈಯ ಮೇಲೆ ನಾನು ಕತ್ತಿ ಇಡುವುದಿಲ್ಲ, ನೋವಿಗೇ ಪ್ರಾಣ ಹೋಗುತ್ತದೆ ಎಂದರು. ಅವಳು ಹೊಸ್ತಿಲಿನವಳು ಎಂದು ನಾನು ಹೇಳಿದೆ. ಡಾಕ್ಟರು ಕನ್ನಡಕ ತೆಗೆದು ಒರೆಸುತ್ತಾ ನಿಂತರು.

ಅವತ್ತೇ ಮಧ್ಯಾಹ್ನ ಎರಡೂ ಬೀದಿಯವರನ್ನು ಹಂಚಿಕೆ ಮನೆಗೆ ಸೇರಿಸಿದೆ. ಬಾವಿ ಬೀದಿಯ ಮನೆಯಲ್ಲಿ ಹತ್ತಿ ಬಿಟ್ಟು ಯಾರೂ ಇಲ್ಲ, ಹಾಲು ಉಕ್ಕಿದ್ದು ಹತ್ತಿಗೇ ಹೊರತು ನನಗಲ್ಲ ಎಂದು ದೇವೀರಮ್ಮ ಹೇಳಿ ಕಳಿಸಿದ್ದನ್ನು ಹೇಳಿದೆ. ನಮ್ಮ ಬೀದಿಯವರು, ಅವಳು ಹೋಗಿ ಏಳು ತಿಂಗಳಾಯಿತಲ್ಲ ಎಂದರು. ಬಾವಿ ಬೀದಿಯವರು, ಅವಳು ಬರುವುದಕ್ಕೆ ಇನ್ನೂ ಐದು ತಿಂಗಳಿದೆಯಲ್ಲ ಎಂದರು. ಯಾರೂ ಕೆಟ್ಟವರಲ್ಲ, ಅದನ್ನು ಹೇಳಲೇಬೇಕು. ಹೇಳುವಾಗ ಎಲ್ಲರ ಕಣ್ಣೂ ನೆಲದ ಮೇಲಿತ್ತು. ಅವರಿಗಿದ್ದದ್ದು ಭಯ. ಹೊಸ್ತಿಲಿನವರ ಪಾಲು ಕುಡಿದರೆ ಅದು ಸಂಜೆಗೆ ಹೋಗುವುದಿಲ್ಲ ಎಂದು ನಮ್ಮ ಊರಿನಲ್ಲಿ ಎದೆಹಾಲಿನ ಜೊತೆಗೇ ಕಲಿಸಿರುತ್ತಾರೆ. ಎಲ್ಲರೂ ಚೆನ್ನಿಗಪ್ಪನವರ ಕಡೆಗೆ ತಿರುಗಿದರು. ಅವರಿಗೆ ಆಗಲೇ ಎಂಬತ್ತರ ಹತ್ತಿರ. ಕಂಬಕ್ಕೆ ಒರಗಿ ಕೂತಿದ್ದವರು ನಿಧಾನವಾಗಿ ನೆಟ್ಟಗಾದರು.

"ಕುಡಿಯೋರು ಕುಡೀಬಹುದು, ಯಾರ ಕೈನೂ ನಾನು ಹಿಡಿಯಲ್ಲ," ಎಂದರು. "ಆದ್ರೆ ಹೊಸ್ತಿಲಿನವರ ಪಾಲು ಹೊತ್ತು ಮುಳುಗಿದ್ರೂ ಹೋಗಲ್ಲ. ಚಟ್ಟದ ತನಕ ಜೊತೇಲಿ ಬರ್ತದೆ. ಅದನ್ನ ತಿಳ್ಕಂಡು ಕುಡೀರಿ."

ಅವರು ಹೇಳಿದ ಮೇಲೆ ಮುಗಿಯಿತು. ಅವರ ಮಾತಿಗೆ ಯಾಕೆ ಅಷ್ಟು ತೂಕ ಎಂದು ಎಲ್ಲರಿಗೂ ಗೊತ್ತು. ಅವರಿಗೆ ಇಪ್ಪತ್ತೆರಡು ವರ್ಷವಿದ್ದಾಗ ಹೊಂಬಾಳಮ್ಮ ಎಂಬ ಹುಡುಗಿ ಅವರ ಕೈಹಿಡಿದು ಬಂದಿದ್ದಳು. ಮದುವೆಯಾಗಿ ಒಂಬತ್ತು ತಿಂಗಳಿಗೆ ಅವಳಿಗೂ ಹೊಟ್ಟೆಯಲ್ಲಿ ಹೀಗೇ ಕೀವಾಯಿತು. ಹೊಸ್ತಿಲು ದಾಟಲು ಇನ್ನೂ ಮೂರು ತಿಂಗಳಿತ್ತು. ಆಗಿನ ಡಾಕ್ಟರು ಮನೆಯವರಾದರೂ ಕುಡಿಯಿರಿ ಎಂದು ಕೇಳಿಕೊಂಡರಂತೆ. ಒಬ್ಬಳಿಗಾಗಿ ಮನೆಮಂದಿಯೆಲ್ಲ ಜೀವಮಾನ ಪೂರ್ತಿ ನರಳುವುದಾ ಎಂದು ಚೆನ್ನಿಗಪ್ಪನವರ ತಂದೆ ಬಾಗಿಲಿಗೆ ಅಡ್ಡ ನಿಂತರಂತೆ. ಮೂರನೇ ದಿನ ಹೊಂಬಾಳಮ್ಮ ತೀರಿಕೊಂಡಳು. ಚೆನ್ನಿಗಪ್ಪನವರು ಮತ್ತೆ ಮದುವೆಯಾಗಲಿಲ್ಲ, ಎಷ್ಟೋ ವರ್ಷವಾದ ಮೇಲೆ ಸೌಟು ಹಿಡಿದರು. ತಮ್ಮ ಹೆಂಡತಿಗೇ ಮುರಿಯದ ಕಟ್ಟುಪಾಡನ್ನು ಅವರು ಬೇರೆ ಯಾರಿಗೂ ಮುರಿಯಲಿಲ್ಲ. ಅಂಥವರ ಎದುರಿಗೆ ನಾನು ಏನು ಹೇಳಲಿ.

ಸಂಜೆಯ ಹೊತ್ತಿಗೆ ಆಸ್ಪತ್ರೆಯ ಮುಂದೆ ಜಾತ್ರೆಯಾಯಿತು. ಒಂದು ಬೀದಿಯವರು ಗಂಜಿ ತಂದರೆ ಇನ್ನೊಂದು ಬೀದಿಯವರು ಗಂಜಿಗೆ ನಿಂಬೆ ಉಪ್ಪಿನಕಾಯಿ ತಂದರು. ಬೀಸಣಿಗೆಗಳೇ ಹನ್ನೊಂದು ಬಂದವು. ಬಾವಿ ಬೀದಿಯ ಒಬ್ಬಾಕೆ ದೇವೀರಮ್ಮನ ಕಾಲೊತ್ತುತ್ತಾ ಕೂತು ಬಿಕ್ಕಿ ಬಿಕ್ಕಿ ಅತ್ತಳು.  ಈ ಉಪಚಾರದಲ್ಲಿ ಒಂದು ಗುಟುಕು ನೀರಿನಷ್ಟೂ ಕಸುವಿಲ್ಲವಲ್ಲ ಎಂದು ನನಗನಿಸಿತು. ಎಲ್ಲರನ್ನೂ ಬೈದು ಕಳಿಸಿ ಅವಳ ಪಕ್ಕದಲ್ಲಿ ಕೂತೆ. ಅವಳ ಮುಖ ಸುಣ್ಣದ ಹಾಗಾಗಿತ್ತು, ಹುಬ್ಬಿನಲ್ಲಿ ಇನ್ನೂ ಒಂದೆರಡು ಎಳೆ ಹತ್ತಿ ಇತ್ತು. ಅವತ್ತು ನಾನು ಬಾಯಿ ಮುಚ್ಚಿಕೊಂಡಿದ್ದರೆ ನಿನಗೆ ಈ ಗತಿ ಬರುತ್ತಿರಲಿಲ್ಲ ಎಂದೆ. ಅದಕ್ಕವಳು ಹಾಲು ಉಕ್ಕಿದ್ದು ನಿಜ ತಾನೇ ಎಂದಳು. 

"ನಂಗೆ ಸಾಯಕ್ಕೆ ಇಷ್ಟ ಇಲ್ಲ ಕಣೇ ಸಾಕಿ," ಎಂದಳು. "ಆದ್ರೆ ಯಾರ್ನೂ ಕೇಳಕ್ಕೂ ಇಷ್ಟ ಇಲ್ಲ. ನೀನೂ ಕೇಳ್ಬೇಡ."

ನಾನು ಕೇಳಲಿಲ್ಲ. ಮನೆಗೆ ಹೋಗಿ ನನ್ನ ಗಂಡ ದಾಸೇಗೌಡನಿಗೆ, ಬೆಳಿಗ್ಗೆ ನಾನು ಕುಡಿಯುತ್ತೇನೆ ಎಂದಷ್ಟೇ ಹೇಳಿದೆ. ನನ್ನ ಗಂಡ ಮಾತಿನಲ್ಲಿ ಜಿಪುಣ, ಮದುವೆಯ ಮಂತ್ರವನ್ನೂ ಅರ್ಧ ನುಂಗಿಕೊಂಡವನು. ಉಣ್ಣುತ್ತಿದ್ದ ತಟ್ಟೆಯನ್ನು ಪೂರ್ತಿ ಖಾಲಿ ಮಾಡಿ, ಕೈ ತೊಳೆದು ಬಂದು, ನೀನು ದಿನಾ ನರಳುತ್ತಿದ್ದರೆ ನನಗೆ ಹೇಗೂ ನಿದ್ದೆ ಬರುವುದಿಲ್ಲ, ನನಗೂ ಒಂದು ಸೌಟು ಹಾಕಿಬಿಡು ಎಂದ. ನನಗೆ ಅಳು ಬಂತು, ಅವನ ಎದುರಿಗೆ ಅಳಬಾರದೆಂದು ಹಿತ್ತಲಿಗೆ ಹೋಗಿ ಪಾತ್ರೆ ತೊಳೆದೆ.

ಬೆಳಿಗ್ಗೆ ಹಂಡೆಯನ್ನು ತಲೆಯ ಮೇಲಿಟ್ಟುಕೊಂಡು ಬೀದಿಯ ನಡುವೆಯೇ ನಡೆದೆ, ಕದ್ದು ಹೋಗುವ ಕೆಲಸವಲ್ಲವಲ್ಲ. ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ಆಸ್ಪತ್ರೆ ತಲುಪುವ ಹೊತ್ತಿಗೆ ಹಿಂದೆ ಹೆಜ್ಜೆ ಸದ್ದು ಕೇಳಿ ತಿರುಗಿದರೆ, ಮುನಿಯಲ್ಲಪ್ಪ ಕೋಲೂರಿಕೊಂಡು ಬರುತ್ತಿದ್ದ. ನನ್ನ ಕಾಲನ್ನು ನಲವತ್ತು ಜನ ಹೊತ್ತರು, ನಾನು ಈ ಹೊಟ್ಟೆ ಹೊರುತ್ತೇನೆ ಎಂದ. ಬಾವಿ ಬೀದಿಯಿಂದ ಬೋರಮ್ಮ, ಸಣ್ಣಬೋರಮ್ಮ ಎಂಬ ಅಕ್ಕತಂಗಿ ಕೈಕೈ ಹಿಡಿದುಕೊಂಡು ಬಂದರು. ಆಸ್ಪತ್ರೆಯಲ್ಲಿ ಡಾಕ್ಟರ ತಾಯಿ ಬೀಬಿಜಾನಮ್ಮ ಆಗಲೇ ಜಗುಲಿಯ ಮೇಲೆ ಕೂತಿದ್ದರು. ಮಂಡಿ, ಸೊಂಟ, ಕುತ್ತಿಗೆ ಎಲ್ಲ ನೋಯುತ್ತದೆ, ಇದೊಂದು ಸೇರಿದರೆ ಅವಕ್ಕೂ ಜೊತೆಯಾಗುತ್ತದೆ ಎಂದರು. ಅಲ್ಲೇ ನೆರಳಿಗೆ ಕೂತಿದ್ದ ಒಬ್ಬ ಬಳೆಗಾರ, ಯಾವ ಊರಿನವನೋ, ಏನು ಸಮಾಚಾರ ಎಂದು ಕೇಳಿದ. ಎಲ್ಲವನ್ನೂ ಬಿಡಿಸಿ ಹೇಳಿದೆ, ಸಂಜೆಗೆ ಹೋಗದು ಎನ್ನುವುದನ್ನೂ ಹೇಳಿದೆ. ಅವನು ಸ್ವಲ್ಪ ಹೊತ್ತು ಬಳೆಗಳ ಮಲಾರವನ್ನು ಸರಿಮಾಡುತ್ತಿದ್ದು, ಕೇಳಿದ ಮೇಲೆ ಎದ್ದು ಹೋಗುವುದು ಹೇಗೆ ಎಂದು ಕೂತೇ ಬಿಟ್ಟ. ನಾನು, ನನ್ನ ಗಂಡ ಸೇರಿ ಏಳು ಜನರಾದೆವು. ಡಾಕ್ಟರು ಹೊರಗೆ ಬಂದು ಎಣಿಸಿದರು. ಮತ್ತೊಂದು ಸಲ ಎಣಿಸಿದರು. ತಾಯಿಯ ಮುಖ ನೋಡಿ, ಸರಿ, ಕುಡಿಯಿರಿ ಎಂದರು.

ದೇವೀರಮ್ಮ ಕೈ ಅದ್ದಲು ಒಪ್ಪಲಿಲ್ಲ. ನಾನೇ ಅವಳ ಮಣಿಕಟ್ಟು ಹಿಡಿದು ಹಂಡೆಯೊಳಗೆ ಮುಳುಗಿಸಿದೆ. ಮೂರು ಉಸಿರು ತೆಗೆಯುವುದರಲ್ಲಿ ಅವಳಿಗೆ ಸಾಕಾಯಿತು. ಒಬ್ಬೊಬ್ಬರಿಗೆ ಮೂರು ಗುಟುಕು ಬಂತು. ಎಲ್ಲರಿಗೂ ಹಾಕಿ ಕೊನೆಗೆ ತಳದಲ್ಲಿದ್ದದ್ದನ್ನು ನಾನು ಕುಡಿದೆ.

ಆಸ್ಪತ್ರೆಯ ಅಂಗಳದಲ್ಲಿ ಏಳು ಹಾಸಿಗೆ ಹಾಸಿದ್ದರು, ಏಳೂ ಅವಳೇ ಹೊಲಿದವು. ಮಲಗಿದೆವು. ಡಾಕ್ಟರು ಒಳಗೆ ಕತ್ತಿ ಇಟ್ಟಾಗ ಹೊರಗೆ ಏಳು ಜನ ಒಟ್ಟಿಗೆ ಬಲಗಡೆಗೆ ಮುದುಡಿಕೊಂಡೆವು. ಅಂಥ ನೋವನ್ನು ನಾನು ಕಂಡಿರಲಿಲ್ಲ, ಅದನ್ನು ಬಣ್ಣಿಸಲೂ ಹೋಗುವುದಿಲ್ಲ. ನಲವತ್ತನೇ ಒಂದು ಪಾಲಿನಲ್ಲಿ ಬರೀ ನೋವು ಬರುತ್ತದೆ. ಏಳನೇ ಒಂದು ಪಾಲಿನಲ್ಲಿ ಬೇರೆ ಏನೇನೋ ಬರುತ್ತದೆ ಎಂದು ಅವತ್ತು ಗೊತ್ತಾಯಿತು. ನನ್ನ ಬೆರಳ ತುದಿಗಳಲ್ಲಿ ಅವಳಿಗೆ ದಬ್ಬಣ ಚುಚ್ಚಿದ ಹಳೆಯ ಗಾಯಗಳು ಎದ್ದವು. ಕಣ್ಣು ಮುಚ್ಚಿದರೆ ಹತ್ತಿ ಏಳುತ್ತಿತ್ತು, ಮೇಲೆ, ಇನ್ನೂ ಮೇಲೆ, ಆಕಾಶದ ತನಕ ಮೆಲ್ಲಗೆ ಹೋಗಿ ಮತ್ತೆ ನಮ್ಮ ಮೇಲೆ ಇಳಿಯುತ್ತಿತ್ತು. ನಾನು ಕಾಣದ ಅವಳ ಗಂಡನ ಕೆಮ್ಮು ಕೇಳಿತು. ಯಾವುದೋ ಮನೆಯ ಜಗುಲಿಯಲ್ಲಿ ಒಬ್ಬಳೇ ಕೂತು ಒಣರೊಟ್ಟಿ ತಿನ್ನುತ್ತಿರುವ ಹೆಂಗಸಿನ ಬೇಜಾರು ನನ್ನ ಎದೆಗೆ ಬಂತು. ದಿನಾ ಅವಳ ಮನೆಗೆ ಹೋಗಿ ಹರಟುತ್ತಿದ್ದೆನಲ್ಲ, ಅವಳು ಅಷ್ಟು ಒಂಟಿ ಎಂದು ನನಗೆ ತಿಳಿದೇ ಇರಲಿಲ್ಲ. ಪಕ್ಕದಲ್ಲಿ ಬಳೆಗಾರ ಕಣ್ಣು ಮುಚ್ಚಿಕೊಂಡೇ, ಎಷ್ಟು ಬೆಳ್ಳಗಿದೆ, ಎಷ್ಟು ಬೆಳ್ಳಗಿದೆ ಎನ್ನುತ್ತಿದ್ದ. ನನ್ನ ಗಂಡ ನನ್ನ ಕೈ ಹಿಡಿದಿದ್ದನೋ, ದೇವೀರಮ್ಮನ ಗಂಡ ಹಿಡಿದಿದ್ದನೋ, ಒಂದೂ ಗೊತ್ತಾಗುತ್ತಿರಲಿಲ್ಲ.

ಯಾವಾಗಲೋ ಡಾಕ್ಟರು ಹೊರಗೆ ಬಂದು, ತೆಗೆದಿದ್ದೇನೆ, ಹೊಲಿಗೆ ಹಾಕಿದ್ದೇನೆ, ನಿದ್ದೆ ಮಾಡುತ್ತಿದ್ದಾಳೆ ಎಂದರು. ನಾವು ಅಳಲೂ ಇಲ್ಲ, ನಗಲೂ ಇಲ್ಲ. ಬಿಸಿಲು ಅಂಗಳದಿಂದ ಗೋಡೆಗೆ ಹತ್ತಿತು, ಗೋಡೆಯಿಂದ ಹೆಂಚಿಗೆ ಹತ್ತಿತು. ನೋವು ಇದ್ದಲ್ಲೇ ಇತ್ತು. ಇನ್ನು ಇದನ್ನು ಇಟ್ಟುಕೊಂಡೇ ರೊಟ್ಟಿ ತಟ್ಟಬೇಕು, ಇಟ್ಟುಕೊಂಡೇ ನೀರು ಸೇದಬೇಕು ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಎಡಮಗ್ಗುಲಾಗಿ ಮಲಗಿದರೆ ಸ್ವಲ್ಪ ಹಗುರ ಎಂದು ಆಗಲೇ ಕಂಡುಕೊಂಡಿದ್ದೆ. ಸಣ್ಣಬೋರಮ್ಮ ಅಕ್ಕನಿಗೆ, ನಾಳೆಯಿಂದ ಬಿಂದಿಗೆಯ ಬದಲು ಚೊಂಬಿನಲ್ಲಿ ನೀರು ತರೋಣ ಎನ್ನುತ್ತಿದ್ದಳು. ಹೆಂಚಿನ ಮೇಲಿದ್ದ ಕೊನೆಯ ಬಿಸಿಲು ಹೋಯಿತು.

ನೋವೂ ಹೋಯಿತು. ಮುನಿಯಲ್ಲಪ್ಪನ ಕಾಲಿನ ನೋವು ಹೋದ ಹಾಗೆ, ಯಾರದೋ ಹಲ್ಲುನೋವು ಹೋಗುವ ಹಾಗೆ, ದಿನದಂತೆ ಹೋಯಿತು. ನಾವು ಏಳೂ ಜನ ಎದ್ದು ಕೂತೆವು, ಒಬ್ಬರ ಮುಖ ಒಬ್ಬರು ನೋಡಿದೆವು. ಬೀಬಿಜಾನಮ್ಮ ಹೊಟ್ಟೆ ಒತ್ತಿಕೊಂಡು ನೋಡಿದರು, ಮಂಡಿ ಒತ್ತಿಕೊಂಡು ನೋಡಿ, ನನ್ನದು ಮಾತ್ರ ಇದೆ ಎಂದರು. ಬೋರಮ್ಮ ತಂಗಿಯನ್ನು ತಬ್ಬಿಕೊಂಡು ಅತ್ತಳು. ನನ್ನ ಗಂಡ, ಹಸಿವಾಗುತ್ತಿದೆ ಎಂದ. ಬಳೆಗಾರ ಮಲಾರ ಹೆಗಲಿಗೇರಿಸುತ್ತಾ, ಇಷ್ಟಕ್ಕೆ ನೀವೆಲ್ಲ ಇಷ್ಟು ವರ್ಷ ಹೆದರಿಕೊಂಡಿದ್ದಿರಾ ಎಂದು ಕೇಳಿದ. ಅವನು ಅಣಕಿಸಲು ಕೇಳಿದ್ದಲ್ಲ, ನಿಜವಾಗಿ ತಿಳಿಯಲು ಕೇಳಿದ.  ಸಂತೋಷದಿಂದ ನನಗೆ ಕುಣಿಯಬೇಕೆನಿಸಿತ್ತು, ಅವನ ಮಾತು ಕೇಳಿದ ಮೇಲೆ ಕಾಲು ಏಳಲಿಲ್ಲ.

ಹೊಸ್ತಿಲಿನವರ ಪಾಲು ಉಳಿದುಬಿಟ್ಟವರನ್ನು ನಾನು ಕಂಡಿದ್ದೆನೇ ಎಂದು ಯೋಚಿಸಿದೆ. ಇಲ್ಲ. ನನ್ನ ಅವ್ವ ಕಂಡಿದ್ದಳೇ. ಇಲ್ಲ, ಅವಳ ಅವ್ವ ಹೇಳಿದ್ದಳು. ಕುಡಿದು ನೋಡಿದವರು ಒಬ್ಬರೂ ಇರಲಿಲ್ಲ. ಹನ್ನೊಂದು ವರ್ಷದಲ್ಲಿ ನಾನೇ ನಾಲ್ಕು ಜನ ಹೊಸ್ತಿಲಿನವರಿಗೆ ಇಲ್ಲ ಎಂದಿದ್ದೆ. ಚೆನ್ನಿಗಪ್ಪನವರು ಹೇಳಿಕೊಟ್ಟ ಹಾಗೆ, ನಗದೆ ಅಳದೆ ಹೇಳಿದ್ದೆ. ಅವರಲ್ಲಿ ಇಬ್ಬರು ಹೇಗೋ ಉಳಿದರು, ಇಬ್ಬರು ಉಳಿಯಲಿಲ್ಲ. ಆ ಇಬ್ಬರ ಮುಖ ನನ್ನ ಮುಂದೆ ಬಂದು ನಿಂತಾಗ, ಆ ನೋವು ಹೋಗದೆ ನನ್ನಲ್ಲೇ ಇದ್ದುಬಿಟ್ಟಿದ್ದರೆ ಚೆನ್ನಾಗಿತ್ತು ಎನಿಸಿತು. ದೇವರಾಣೆಗೂ ಎನಿಸಿತು.

ಮಾರನೇ ದಿನ ಬೆಳಿಗ್ಗೆ ಹಂಚಿಕೆ ಮನೆಯಲ್ಲಿ ಹುಣಸೆಹಣ್ಣು ಹಾಕಿ ಹಂಡೆ ಉಜ್ಜುತ್ತಿದ್ದೆ. ಚೆನ್ನಿಗಪ್ಪನವರು ಬಂದರು. ಅವರು ಮನೆಯಿಂದ ಹೊರಗೆ ಬರುವುದೇ ಅಪರೂಪ, ಗೋಡೆ ಹಿಡಿದುಕೊಂಡು ಒಬ್ಬರೇ ಬಂದಿದ್ದರು. ಸ್ನಾನ ಮಾಡಿ, ಒಗೆದ ಪಂಚೆ ಉಟ್ಟಿದ್ದರು. ಕಂಬಕ್ಕೆ ಒರಗಿ ಕೂತು, ದೇವೀರಮ್ಮ ಹೇಗಿದ್ದಾಳೆ ಎಂದು ಕೇಳಿದರು. ಗಂಜಿ ಕುಡಿದಳು, ಡಾಕ್ಟರ ಆಸ್ಪತ್ರೆಯ ದಿಂಬು ಗಂಟುಗಂಟಾಗಿದೆ ಎಂದು ಆಗಲೇ ಬೈಯುತ್ತಿದ್ದಾಳೆ ಎಂದೆ. ಅವರು ತಲೆಯಾಡಿಸಿದರು. ಅವರು ಕೇಳಲು ಬಂದದ್ದು ಅದಲ್ಲ ಎಂದು ನನಗೆ ಗೊತ್ತಿತ್ತು. ಬೀದಿಯಲ್ಲಿ ಇನ್ನೂ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ, ಬಾಗಿಲು ಹಾಕಿಕೊಂಡವರು ತೆರೆದಿರಲಿಲ್ಲ.

ನಾನು ಹಂಡೆಯ ಮೇಲಿಂದ ಕಣ್ಣೆತ್ತಲಿಲ್ಲ. ಒಂದೇ ಒಂದು ಮಾತು, ಇನ್ನೂ ಇದೆ ಮಾವ, ಬಲಗಡೆ ಹಿಡಿದುಕೊಂಡಿದೆ ಎಂದುಬಿಟ್ಟರೆ ಈ ಮುದುಕ ನೆಮ್ಮದಿಯಿಂದ ಮನೆಗೆ ಹೋಗುತ್ತಾರೆ. ಇನ್ನೆಷ್ಟು ದಿನ ಇರುತ್ತಾರೆ. ಸೊಂಟ ಬಗ್ಗಿಸಿ ನಡೆದರೆ ಸಾಕು, ಅವರು ನಂಬುತ್ತಾರೆ. ಮಿಕ್ಕ ಆರು ಜನಕ್ಕೂ ಹೇಳಿಕೊಟ್ಟರಾಯಿತು. ಆದರೆ ಬಾವಿ ಬೀದಿಯ ಕೊನೆಯ ಮನೆಗೆ ಹೋದ ತಿಂಗಳು ತಾನೇ ಒಬ್ಬಳು ಸೊಸೆ ಬಂದಿದ್ದಾಳೆ, ತಲೆಗೆ ಶಾಲು ಸುತ್ತಿಕೊಂಡು ಗೋಡೆ ಸವರಿಕೊಂಡು ನಡೆಯುತ್ತಾಳೆ. ಅವಳಿಗೆ ಇನ್ನೂ ಹನ್ನೊಂದು ತಿಂಗಳಿದೆ.

"ಸಂಜೆಗೆ ಹೋಯ್ತಾ ಸಾಕಮ್ಮ?" ಎಂದರು ಚೆನ್ನಿಗಪ್ಪನವರು.

"ಹೋಯ್ತು ಮಾವ," ಎಂದೆ. "ದಿನಾ ಹೋಗೋ ಹಾಗೇ ಹೋಯ್ತು."

 ಹೊರಗೆ ಯಾರೋ ಬಾಗಿಲು ತೆರೆದು ಅಂಗಳಕ್ಕೆ ನೀರು ಚೆಲ್ಲಿದ ಸದ್ದಾಯಿತು. ಎಷ್ಟು ಜನ ಕುಡಿದಿರಿ ಎಂದು ಅವರು ಕೇಳಿದರು. ಏಳು ಜನ ಎಂದೆ. ಏಳು ಜನ ಸಾಕಾಯಿತೇ ಎಂದರು. ಸಾಕಾಯಿತು ಮಾವ ಎಂದೆ.  ಅವರು ಬಲಗೈಯಿಂದ ಎಡಗೈಯ ಕಿರುಬೆರಳನ್ನು ಹಿಡಿದುಕೊಂಡರು.

"ಅವತ್ತು ನಮ್ಮನೇಲಿ ಅಪ್ಪ," ಎಂದರು. ಒಂದೊಂದೇ ಬೆರಳು ಮಡಿಸುತ್ತಾ ಹೋದರು. "ಅವ್ವ. ಅಜ್ಜಿ. ದೊಡ್ಡಣ್ಣ. ಅತ್ತಿಗೆ." ಕೈ ಬದಲಾಯಿಸಿದರು. "ಚಿಕ್ಕಣ್ಣ. ತಂಗೀರು ಇಬ್ರು."

ಇನ್ನೊಂದು ಬೆರಳನ್ನು ಹಿಡಿದುಕೊಂಡು ಕೂತರು. ಅದನ್ನು ಮಡಿಸಲು ಅವರಿಗೆ ಆಗಲಿಲ್ಲ. ನಾನು ಹುಣಸೆಹುಳಿಯ ಕೈಯಲ್ಲೇ ಹೋಗಿ ಅವರ ಎದುರಿಗೆ ಕೂತೆ.

"ನಾನು," ಎಂದರು.